ಕಲ್ಲಾಗಿದ್ದರೆ ಸಾಕಿತ್ತು

ಅಂಬರೀಶ ಮೂರು ವರ್ಷದವನಿದ್ದಾಗ ಬಂದ ಮೆದುಳುಜ್ವರ ಪ್ರಾಣ ಉಳಿಸಿ ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಕಿವಿಯ ಹಿಂದೆಯೇ ಮಾತೂ ಹೋಯಿತು. ಕಳ್ಳಂಬೆಳ್ಳದ ಸುತ್ತಮುತ್ತ ಅವನನ್ನು ಹೆಸರು ಹಿಡಿದು ಹೇಳುವವರು ಕಡಿಮೆ. ಬಸ್ ಸ್ಟ್ಯಾಂಡ್ ಸಾಲಿನ ಕೊನೆಯ ಮಳಿಗೆಯಲ್ಲಿ ಅವನು ರವಿಕೆ ಹೊಲಿಯಲು ಕೂತು ಇಪ್ಪತ್ತು ವರ್ಷವಾಗಿದ್ದರೂ ಹೆಂಗಸರ ಬಾಯಲ್ಲಿ ಅದು 'ಮೂಗನ ಅಂಗಡಿ'. ಹಳೆಯ ರವಿಕೆಯೊಂದನ್ನು ಕೊಟ್ಟುಬಿಟ್ಟರೆ ಸಾಕು, ಒಂದು ನೂಲೆಳೆಯೂ ಹೆಚ್ಚುಕಡಿಮೆಯಾಗದಂತೆ ಹೊಲಿಯುತ್ತಾನೆ ಎಂದು ಹೊಗಳುತ್ತಿದ್ದವರೂ ಅವರೇ.

ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವನ ತಂಗಿ ವನಜಾಕ್ಷಿಗೆ ಮೈಯೆಲ್ಲ ಉರಿಯುತ್ತಿತ್ತು. ಅಣ್ಣ ಮೂಗನಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅವನಿಗೆ ಯಾವ ಶಾಲೆಯೂ ಸನ್ನೆ ಕಲಿಸಿರಲಿಲ್ಲ. ಅವನಿಗಿಂತ ನಾಲ್ಕು ವರ್ಷ ಚಿಕ್ಕವಳಾದ ಅವಳೂ ಅವನೂ ಆಡುತ್ತ ಆಡುತ್ತ ತಮ್ಮದೇ ಒಂದು ಕೈಮಾತು ಕಟ್ಟಿಕೊಂಡಿದ್ದರು. ಕತ್ತಿನ ಹಿಂದೆ ತುರುಬು ಮುಟ್ಟಿಕೊಂಡರೆ ಅವ್ವ. ಕೆನ್ನೆಯ ಮೇಲಿಂದ ಎರಡು ಬೆರಳು ಕೆಳಕ್ಕೆ ಎಳೆದರೆ ವನಜಾಕ್ಷಿ, ಚಿಕ್ಕಂದಿನಲ್ಲಿ ಅವಳು ಯಾವಾಗಲೂ ಅಳುತ್ತಿದ್ದಳಂತೆ. ಅಂಗೈಯನ್ನು ಮೆಲ್ಲಗೆ ಮಗುಚಿದರೆ ಸಾವು. ಅಪ್ಪ ಹೋದ ದಿನ ಅಂಗಳದಲ್ಲಿ ನಿಂತು ಅಂಬರೀಶನೇ ಕಟ್ಟಿದ ಮಾತು ಅದು. ಅವ್ವ ಪೆದ್ದಮ್ಮನಿಗೂ ಈ ಕೈಮಾತು ಅರ್ಧಂಬರ್ಧವೇ ಬರುತ್ತಿತ್ತು. ಪೂರಾ ಬಲ್ಲವರು ಲೋಕದಲ್ಲಿ ಇಬ್ಬರೇ.

ವನಜಾಕ್ಷಿ ಅದೇ ಊರಿನಲ್ಲಿ ಆಶಾ ಕಾರ್ಯಕರ್ತೆ. ಬಸುರಿ ಬಾಣಂತಿಯರ ಮನೆ ಸುತ್ತುವುದು, ಮಕ್ಕಳಿಗೆ ಲಸಿಕೆ ಹಾಕಿಸುವುದು, ಕ್ಷಯದವರು ಮಾತ್ರೆ ನುಂಗಿದರೋ ಇಲ್ಲವೋ ನೋಡುವುದು ಅವಳ ಕೆಲಸ. ಕಾಯಿಲೆಯ ಮೊದಲ ಗುರುತನ್ನು ಅಲಕ್ಷ್ಯ ಮಾಡಬೇಡಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವಳು ಅವಳು. ಅಂಥವಳ ಕೈಗೇ ಅಣ್ಣ ಮೊದಲ ಗುರುತನ್ನು ತಂದುಕೊಟ್ಟಿದ್ದ.

ಸಂಕ್ರಾಂತಿ ಕಳೆದು ಹದಿನೈದು ದಿನವಾಗಿರಬೇಕು. ಅಂಬರೀಶ ಅವಳ ಮನೆಗೆ ಬಂದು, ಬಟ್ಟೆಗೆ ಗುರುತು ಹಾಕುವ ಬಿಳಿಯ ಸೀಮೆಸುಣ್ಣದ ತುಂಡೊಂದನ್ನು ಅವಳ ಅಂಗೈಲಿಟ್ಟು, ಮುಖ ಆಚೆ ತಿರುಗಿಸಿ ಹಿತ್ತಿಲ ಕಡೆ ಕೈ ತೋರಿಸಿದ. ಸೀಮೆಸುಣ್ಣ ಮುಗಿದಿದೆಯೇನೋ, ಹಿತ್ತಿಲಲ್ಲಿ ಏನೋ ಬಿದ್ದುಹೋಯಿತೇನೋ ಅಂದುಕೊಂಡಳು. ಮಾರನೆಯ ದಿನ ಮೀಟಿಂಗಿಗೆಂದು ಶಿರಾಕ್ಕೆ ಹೋದವಳು ಒಂದು ಡಬ್ಬಿ ಸೀಮೆಸುಣ್ಣ ತಂದುಕೊಟ್ಟಳು. ಅವನು ಡಬ್ಬಿಯನ್ನು ಒಂದು ಗಳಿಗೆ ನೋಡಿ, ನಕ್ಕು, ನೂಲುಂಡೆಗಳ ಪಕ್ಕ ಎತ್ತಿಟ್ಟ. ತನ್ನ ಮಲ ಸುಣ್ಣದಂತೆ ಬೆಳ್ಳಗೆ ಹೋಗುತ್ತಿದೆ ಎಂದು ಅವನು ನಾಚಿಕೊಂಡು ಹೇಳಲು ಬಂದಿದ್ದ ಎಂಬುದು ಅವಳಿಗೆ ತಿಳಿಯುವ ಹೊತ್ತಿಗೆ ಅವನ ಕಣ್ಣು ಅರಿಶಿನವಾಗಿದ್ದವು.

"ಕಾಮಾಲೆ ಕಣೇ," ಅಂದಳು ಪೆದ್ದಮ್ಮ. "ಕೊರಟಗೆರೆ ಕಡೆ ಒಬ್ಬ ಮೂಗಿಗೆ ಸೊಪ್ಪಿನ ರಸ ಬುಡ್ತಾನೆ. ಮೂರು ಭಾನುವಾರ ಬುಡಿಸಿದ್ರೆ ಇಳೀತದೆ."

"ಸುಮ್ಕಿರವ್ವ. ನಾನೇ ಊರಿಗೆಲ್ಲ ಹೋಗ್ಬ್ಯಾಡ್ರಿ ಅಂತೀನಿ. ನಮ್ಮನೇರೇ ಹೋದ್ರೆ ಹೆಂಗೆ?"

ಅವಳು ಅಣ್ಣನನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ರಕ್ತ ತೆಗೆದರು, ಸೋಂಕಿನ ಕಾಮಾಲೆಯಲ್ಲ ಅಂದರು, ವಿಶ್ರಾಂತಿ ಹೇಳಿ ಎರಡು ವಾರ ಬಿಟ್ಟು ಬರಲು ಹೇಳಿದರು. ಆ ಎರಡು ವಾರದಲ್ಲಿ ಹಳದಿ ಕಣ್ಣಿನಿಂದ ಮೈಗಿಳಿಯಿತು. ಉಚ್ಚೆ ಹಾಲು ಹಾಕದ ಟೀ ಡಿಕಾಕ್ಷನ್ನಿನಂತಾಯಿತು. ಎಲ್ಲಕ್ಕಿಂತ ಮೇಲೆ ತುರಿಕೆ. ಅಂಗೈ, ಅಂಗಾಲು, ಬೆನ್ನು. ಅಳತೆಯ ಸ್ಕೇಲಿನ ಅಂಚಿನಿಂದ ಉಜ್ಜಿ ಉಜ್ಜಿ ಮೈಯೆಲ್ಲ ರಕ್ತದ ಗೀರು. ಗಿರಾಕಿಗಳ ಬಟ್ಟೆಗೆ ರಕ್ತ ತಾಗುತ್ತದೆಂದು ಹೊಲಿಯುವುದನ್ನೇ ಬಿಟ್ಟು ಕೂತ. ಕೊನೆಗೆ ಅವ್ವ ಅವನನ್ನು ಕೊರಟಗೆರೆ ಬಸ್ಸು ಹತ್ತಿಸಿದಾಗ ವನಜಾಕ್ಷಿ ತಡೆಯಲಿಲ್ಲ. ಮೂರನೆಯ ಭಾನುವಾರ ಅವಳೂ ಜೊತೆಗೆ ಹೋದಳು. ಮೂಗಿಗೆ ರಸ ಬಿದ್ದು ಅವನು ಉಸಿರುಕಟ್ಟಿ ಒದ್ದಾಡುವಾಗ ಅವನ ಎರಡು ಕೈಗಳನ್ನೂ ಹಿಡಿದುಕೊಂಡವಳು ಅವಳೇ. ಕೈ ಹಿಡಿದರೆ ಅವನಿಗೆ ಬಾಯಿ ಮುಚ್ಚಿದಂತೆ ಎಂಬುದು ಆಮೇಲೆ ಹೊಳೆಯಿತು.

ಅದಕ್ಕೂ ಹಳದಿ ಇಳಿಯದೆ ಅಣ್ಣನನ್ನು ಶಿರಾಕ್ಕೆ ಕರೆದೊಯ್ದಾಗ, ಹೊಟ್ಟೆಯ ಸ್ಕ್ಯಾನ್ ಮಾಡಿದ ವೈದ್ಯರು ತೆರೆಯ ಮೇಲೆ ಬಹಳ ಹೊತ್ತು ಹುಡುಕಾಡಿದರು.

"ಲಿವರಿನಿಂದ ಪಿತ್ತ ಇಳಿದು ಬರೋ ನಾಳ ಊದಿಕೊಂಡಿದೆ ಕಣಮ್ಮ. ಎಲ್ಲೋ ಕಟ್ಟಿಕೊಂಡಿದೆ. ಗ್ಯಾಸ್ ಅಡ್ಡ ಬಂದು ಎಲ್ಲಿ ಅಂತ ಕಾಣ್ತಿಲ್ಲ. ತುಮಕೂರಿಗೆ ಹೋಗಿ ಎಂಆರ್‌ಸಿಪಿ ಮಾಡಿಸಿ."

"ಅದೇನು ಸಾರ್? ಕೊಯ್ತಾರಾ?"

"ಕೊಯ್ಯೋದೂ ಇಲ್ಲ, ಚುಚ್ಚೋದೂ ಇಲ್ಲ. ಬಾಯೊಳಗೆ ಪೈಪು ಇಳಿಸೋದೂ ಇಲ್ಲ. ದೊಡ್ಡ ಅಯಸ್ಕಾಂತದ ಮಿಷನ್ನು. ಒಳಗೆ ಮಲಗಿ, ಹೇಳಿದಾಗ ಉಸಿರು ಹಿಡಿದ್ರೆ ಸಾಕು, ಪಿತ್ತನಾಳದ್ದೇ ಪೂರಾ ಚಿತ್ರ ಬರುತ್ತೆ. ಕಲ್ಲಿರಬಹುದು. ಕಲ್ಲಾದ್ರೆ ಸುಲಭ, ತೆಗೆದು ಮೂರನೇ ದಿನಕ್ಕೆ ಮನೆಗೆ ಕಳಿಸ್ತಾರೆ."

ಆ ಕೊನೆಯ ಮಾತನ್ನು ವನಜಾಕ್ಷಿ ಗಟ್ಟಿಯಾಗಿ ಹಿಡಿದುಕೊಂಡಳು. ಬಸ್ಸಿನಲ್ಲೇ ಅಣ್ಣನಿಗೆ ಹೊಸದೊಂದು ಮಾತು ಕಲಿಸಿದಳು: ಮುಷ್ಟಿ ಕಟ್ಟಿ ಹೊಟ್ಟೆಯ ಮೇಲಿಟ್ಟರೆ ಕಲ್ಲು. ಅವನಿಗೆ ಅದು ಹಿಡಿಸಿತು. ಬೀದಿ ಕೊನೆಯ ಪರ್ವತಯ್ಯ ತನ್ನ ಹೊಟ್ಟೆಯಿಂದ ತೆಗೆದ ಕಲ್ಲುಗಳನ್ನು ಗಾಜಿನ ಶೀಶೆಯಲ್ಲಿ ಹಾಕಿಟ್ಟು ಬಂದವರಿಗೆಲ್ಲ ತೋರಿಸುವುದು ಅವನಿಗೂ ಗೊತ್ತಿತ್ತು. ಅಂಥದೊಂದು ಶೀಶೆ ತನ್ನ ಅಂಗಡಿಯಲ್ಲೂ ಇಡುತ್ತೇನೆಂದು ಬೆರಳಲ್ಲಿ ಅದರ ಎತ್ತರ ತೋರಿಸಿದ. ಪೆದ್ದಮ್ಮ ಗೋಡೆಯ ಮೇಲಿದ್ದ ಬುದ್ಧನ ಪಟಕ್ಕೂ ಕೈಮುಗಿದಳು, ಊರ ಮಾರಮ್ಮನಿಗೂ ಹರಕೆ ಹೊತ್ತಳು. "ಕಲ್ಲಾಗಿರ್ಲಪ್ಪ. ಕಲ್ಲೇ ಆಗಿರ್ಲಿ," ಎನ್ನುತ್ತ ಓಡಾಡಿದಳು. ಮಗನ ಹೊಟ್ಟೆಯಲ್ಲಿ ಕಲ್ಲಿರಲಿ ಎಂದು ಬೇಡಿಕೊಳ್ಳುವ ಕಾಲ ಬಂತಲ್ಲ ಎಂದು ವನಜಾಕ್ಷಿಗೆ ಅನ್ನಿಸದೆ ಇರಲಿಲ್ಲ. ಆದರೆ ಅವಳೂ ಅದನ್ನೇ ಬೇಡುತ್ತಿದ್ದಳು.

ತುಮಕೂರಿನ ಆ ಸ್ಕ್ಯಾನ್ ಸೆಂಟರಿಗೆ ಅವರು ಬೆಳಿಗ್ಗೆ ಎಂಟಕ್ಕೇ ಹೋಗಿ ಕೂತರು. ಅಂಬರೀಶ ಹೊಟ್ಟೆಗೆ ಏನೂ ಹಾಕಿರಲಿಲ್ಲ. ಮಿಷನ್ ನಡೆಸುವ ತಿಪ್ಪೇಶ್ ಪಾವಗಡದ ಕಡೆಯವನು, ಮೂವತ್ತರ ಆಸುಪಾಸು. ಕನ್ನಡದಲ್ಲಿ ತೆಲುಗಿನ ಎಳೆತವಿತ್ತು.

"ಅನಾನಸ್ ಜ್ಯೂಸ್ ತಂದು ಕುಡಿಸಿ ಅಕ್ಕ, ಎರಡು ಗ್ಲಾಸು. ಅದು ಕುಡಿದ್ರೆ ಹೊಟ್ಟೇಲಿರೋ ನೀರು ಚಿತ್ರದಲ್ಲಿ ಅಡ್ಡ ಬರಲ್ಲ," ಅಂದ. ಆಮೇಲೆ ಫಾರಮ್ಮು ಹಿಡಿದು ಕೇಳಿದ: "ಮೈಯಲ್ಲಿ ಎಲ್ಲಾದ್ರೂ ಕಬ್ಬಿಣ ಇದೆಯಾ? ಮೂಳೆಗೆ ರಾಡು, ಎದೇಲಿ ಮಿಷನ್ನು, ಕಣ್ಣಿಗೆ ಬಿದ್ದ ಚೂರು?"

ಅವಳು ಕೈಯಲ್ಲಿ ಕೇಳಿದಳು. ಅಂಬರೀಶ ಯೋಚಿಸಿ, ಅಂಗಿಯ ಪಟ್ಟಿಯೊಳಗಿಂದ ನಾಲ್ಕು ಸೂಜಿ ತೆಗೆದು ಮೇಜಿನ ಮೇಲಿಟ್ಟ. ತಿಪ್ಪೇಶ್ ನಕ್ಕ. ಆಮೇಲೆ ಅಂಬರೀಶ ಎಡಗೈಯ ತೋರುಬೆರಳು ಚಾಚಿ, ಹೊಲಿಗೆ ಮಿಷನ್ನಿನ ಸೂಜಿ ಅದರೊಳಗೆ ಇಳಿದು ಮುರಿದದ್ದನ್ನು ಮಾಡಿ ತೋರಿಸಿದ. ಹನ್ನೆರಡು ವರ್ಷದ ಹಿಂದಿನ ಮಾತು. ಚೂರು ಪೂರಾ ಬಂದಿತ್ತೋ ಇಲ್ಲವೋ ಯಾರಿಗೆ ಗೊತ್ತು? ತಿಪ್ಪೇಶನ ನಗು ನಿಂತಿತು. ಬೆರಳಿಗೊಂದು ಎಕ್ಸ್‌ರೇ ತೆಗೆಸಿ, ಏನೂ ಇಲ್ಲವೆಂದು ಖಾತ್ರಿಯಾಗಿ, ಸರದಿ ಮತ್ತೆ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು.

ಗಾಜಿನ ಈಚೆ ಕೂತು ಅವಳು ನೋಡಿದಳು. ಅಣ್ಣನನ್ನು ಹಲಗೆಯ ಮೇಲೆ ಮಲಗಿಸಿ, ಹೊಟ್ಟೆಗೊಂದು ಪಟ್ಟಿ ಕಟ್ಟಿ, ರೂಢಿಯಂತೆ ಕಿವಿಗೆ ಹೆಡ್‌ಫೋನ್ ಹಾಕಿ ಸುರಂಗದೊಳಗೆ ತಳ್ಳಿದರು. ಮಿಷನ್ನು ಹಿಂದಿಯಲ್ಲಿ ಉಸಿರೆಳೆದುಕೋ, ಹಿಡಿದುಕೋ ಎಂದಿತು. ಅವನು ತನ್ನ ಪಾಡಿಗೆ ಉಸಿರಾಡುತ್ತಿದ್ದ. ತೆರೆಯ ಮೇಲೆ ಬಂದದ್ದು ಕಲಸಿದ ಮಸಿ. ತಿಪ್ಪೇಶ್ ನಾಲ್ಕು ಸಲ ಪ್ರಯತ್ನಿಸಿದ.

"ಆಗಲ್ಲ ಅಕ್ಕ. ಉಸಿರು ಹಿಡೀದಿದ್ರೆ ಎಲ್ಲಾ ಅಲುಗಿಬಿಡ್ತದೆ. ಮಂಪರು ಕೊಟ್ಟು ಮಾಡ್ಬೇಕು. ಆ ಡಾಕ್ಟ್ರು ಬರೋದು ಮುಂದಿನ ವಾರ."

ಇನ್ನೊಂದು ವಾರ! ಅವಳ ಕಣ್ಣಮುಂದೆ ಸ್ಕೇಲಿನಿಂದ ಮೈ ಕೆರೆದುಕೊಳ್ಳುವ ಅಣ್ಣ ಬಂದ.

"ನಾನು ಒಳಗೆ ಬರ್ತೀನಿ," ಅಂದಳು. "ಕಾಲು ಹಿಡ್ಕೊಂಡು ನಿಂತಿರ್ತೀನಿ. ನೀವು ಗಾಜಿನಾಚೆಯಿಂದ ಕೈ ಎತ್ತಿ, ನಾನು ಅದುಮ್ತೀನಿ. ಕೈ ಇಳಿಸಿ, ಬುಡ್ತೀನಿ. ಅವನಿಗೆ ತಿಳೀತದೆ."

ತಿಪ್ಪೇಶ್ ಹಿಂದುಮುಂದು ನೋಡಿ, ಒಳಗೆ ಹೋಗಿ ವೈದ್ಯರನ್ನು ಕೇಳಿಕೊಂಡು ಬಂದು ಒಪ್ಪಿದ. ಅದೇ ಫಾರಮ್ಮನ್ನು ಅವಳಿಂದಲೂ ತುಂಬಿಸಿದ. ಅವಳು ಬಳೆ, ಓಲೆ, ಕಾಲುಂಗುರ, ತಾಳಿ, ತಾಳಿಗೆ ಸಿಕ್ಕಿಸಿದ್ದ ಪಿನ್ನು, ಕೂದಲ ಕ್ಲಿಪ್ಪು ಎಲ್ಲವನ್ನೂ ಬಿಚ್ಚಿ ಟ್ರೇಯಲ್ಲಿ ಹಾಕಿ, ಅವರು ಕೊಟ್ಟ ಹಸಿರು ನಿಲುವಂಗಿ ತೊಟ್ಟು, ಕಿವಿಗೆ ಹತ್ತಿ ತುರುಕಿಕೊಂಡು ಒಳಗೆ ಹೋದಳು. ಒಳಗೆ ವಿಪರೀತ ಚಳಿ. ಅಣ್ಣನಿಗೆ ಕೈಯಲ್ಲಿ ಹೇಳಿದಳು: ಕಾಲು ಅದುಮಿದರೆ ಉಸಿರು ನಿಲ್ಲಿಸು, ಬಿಟ್ಟರೆ ಬಿಡು. ಅವನು ಅಷ್ಟೇ ತಾನೆ ಎಂಬಂತೆ ತಲೆದೂಗಿದ.

ಮಿಷನ್ನು ತಗಡು ಬಡಿದಂತೆ ಶಬ್ದ ಮಾಡತೊಡಗಿತು. ಗಾಜಿನಾಚೆ ಕೈ ಎದ್ದಿತು. ಅವಳು ಅವನ ಪಾದದ ಗಂಟನ್ನು ಅದುಮಿದಳು. ಅವನ ಹೊಟ್ಟೆ ನಿಂತಿತು. ಅವಳೂ ಉಸಿರು ಹಿಡಿದು ಎಣಿಸಿದಳು. ಹದಿನೆಂಟಕ್ಕೆ ಕೈ ಇಳಿಯಿತು, ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟರು. ಹೀಗೆ ಏಳು ಸಲ. ಚರ್ಮದಡಿ ಮೂಳೆ ಕೈಗೆ ಸಿಗುವಷ್ಟು ಅವನು ಇಳಿದುಹೋಗಿದ್ದ. ಆದರೂ ಆ ಅರ್ಧ ಗಂಟೆ, ಇಷ್ಟು ದಿನಗಳಲ್ಲಿ ಮೊದಲ ಸಲ, ತನ್ನಿಂದ ಏನೋ ಆಗುತ್ತಿದೆ ಎಂದು ಅವಳಿಗೆ ಅನ್ನಿಸಿತು.

"ಸೂಪರ್ ಅಕ್ಕ! ಕಿವಿ ಕೇಳೋರೂ ಇಷ್ಟು ಚೆನ್ನಾಗಿ ಹಿಡಿಯಲ್ಲ," ಎಂದ ತಿಪ್ಪೇಶ್ ಬಾಗಿಲು ತೆರೆಯುತ್ತ.

"ಕಲ್ಲು ಐತಾ?"

ಅವನು ತೆರೆಯ ಕಡೆ ತಿರುಗಿದ. "ರಿಪೋರ್ಟು ಡಾಕ್ಟ್ರೇ ಹೇಳ್ತಾರೆ ಅಕ್ಕ," ಎಂದವನು ಮತ್ತೆ ಅವಳ ಮುಖ ನೋಡಲಿಲ್ಲ.

ವೈದ್ಯೆ ವಯಸ್ಸಾದವರು, ನಿಧಾನವಾಗಿ ಮಾತಾಡುವವರು. ಫಿಲ್ಮನ್ನು ಬೆಳಕಿಗೆ ಸಿಕ್ಕಿಸಿದರು. ಕಪ್ಪು ಹಾಳೆಯ ಮೇಲೆ ಬೆಳ್ಳಗೆ ಹೊಳೆಯುವ ಕೊಂಬೆಗಳು, ಎಲೆ ಉದುರಿದ ಮರದಂತೆ.

"ಬೆಳ್ಳಗಿರೋದೆಲ್ಲ ಪಿತ್ತ. ಲಿವರಿನ ಎರಡೂ ಕಡೆಯಿಂದ ಈ ನಾಳಗಳು ಬಂದು ಇಲ್ಲಿ ಒಂದಾಗಿ ಕೆಳಗೆ ಇಳೀಬೇಕು. ಕೂಡೋ ಜಾಗದಲ್ಲೇ ನಿಂತುಹೋಗಿದೆ, ನೋಡಿ."

"ಕಲ್ಲಾ ಮೇಡಂ?"

"ಕಲ್ಲಿದ್ದರೆ ಬಿಳಿಯ ನಡುವೆ ಕಪ್ಪಗೆ ದುಂಡಗೆ ಕಾಣ್ತಿತ್ತು."

ವನಜಾಕ್ಷಿ ಎದ್ದು ಫಿಲ್ಮಿಗೆ ಮುಖ ತಾಗುವಷ್ಟು ಹತ್ತಿರ ಹೋದಳು. ಒಂದೊಂದೇ ಕೊಂಬೆಯ ಮೇಲೆ ಕಣ್ಣಾಡಿಸಿದಳು. "ಇಲ್ಲೊಂದು ಕಪ್ಪಗಿದೆಯಲ್ಲ ಮೇಡಂ, ಇಲ್ಲಿ?"

"ಅದು ರಕ್ತನಾಳ ದಾಟಿ ಹೋಗಿರೋ ಗುರುತಮ್ಮ."

"ಇದು?"

ವೈದ್ಯೆ ನಾಳಗಳು ಕೂಡುವ ಜಾಗಕ್ಕೆ ಬೆರಳಿಟ್ಟರು. "ಕೂತ್ಕೊಳ್ಳಿ. ಇದು ಗಡ್ಡೆ. ನಾಳದ ಗೋಡೆಯಲ್ಲೇ ಬೆಳೆದಿದೆ, ಎರಡೂ ಕಡೆಗೆ ಹಬ್ಬಿದೆ. ಕೊನೆ ಮಾತು ಬೆಂಗಳೂರಿನವರೇ ಹೇಳಬೇಕು. ಆದರೆ ಆಪರೇಷನ್ ಮಾಡೋ ಹಂತ ದಾಟಿದೆ ಅನ್ಸುತ್ತೆ. ನಾಳಕ್ಕೆ ಒಂದು ಸಣ್ಣ ಕೊಳವೆ ಕೂರಿಸಿದ್ರೆ ಪಿತ್ತ ಇಳಿಯುತ್ತೆ, ತುರಿಕೆ ಹೋಗುತ್ತೆ. ಅಷ್ಟು ಮಾಡಬಹುದು."

"ಒಂದು ತಿಂಗಳು ಮುಂಚೆ ಬಂದಿದ್ರೆ?"

"ಹೇಳೋಕಾಗಲ್ಲಮ್ಮ."

ಇಲ್ಲ ಎಂದಿದ್ದರೆ ಒಂದು ಥರ, ಹೌದು ಎಂದಿದ್ದರೆ ಇನ್ನೊಂದು ಥರ. ಈ ಮಾತನ್ನು ಎಲ್ಲಿ ಇಟ್ಟುಕೊಳ್ಳುವುದೆಂದೇ ಅವಳಿಗೆ ತಿಳಿಯಲಿಲ್ಲ. ಅವಳು ಏಳುವಾಗ ವೈದ್ಯೆ ಮೆಲ್ಲಗೆ ಹೇಳಿದರು: "ಅವರಿಗೆ ನೀವೇ ತಿಳಿಸಬೇಕು. ನಮ್ಮಿಂದ ಆಗಲ್ಲ."

ಹೊರಗೆ ಬೆಂಚಿನ ಮೇಲೆ ಅಂಬರೀಶ ಬನ್ನು ತಿನ್ನುತ್ತ ಕೂತಿದ್ದ. ಅವಳನ್ನು ಕಂಡವನೇ ಮುಷ್ಟಿ ಕಟ್ಟಿ ಹೊಟ್ಟೆಯ ಮೇಲಿಟ್ಟು ಹುಬ್ಬೇರಿಸಿದ. ಕಲ್ಲಾ?

ಅವಳು ಹೌದೆಂದು ತಲೆಯಾಡಿಸಿದಳು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ದಿನ ಸಿಗುವವರೆಗಿನ ಒಂದು ವಾರ ಅಂಬರೀಶ ಸಿಕ್ಕವರಿಗೆಲ್ಲ ಮುಷ್ಟಿ ತೋರಿಸಿದ. ಮದುವೆ ಮನೆಯೊಂದರ ರವಿಕೆಗಳನ್ನೂ ಒಪ್ಪಿಕೊಂಡ. ನಿಜ ಗೊತ್ತಿದ್ದವರು ವನಜಾಕ್ಷಿ ಮತ್ತು ಅವಳ ಗಂಡ ಅಂಜನ್ ಕುಮಾರ್ ಇಬ್ಬರೇ. "ಅವನಿಗೂ ಹೇಳದೆ, ಅತ್ತೆಗೂ ಹೇಳದೆ ಎಷ್ಟು ದಿನ ಅಂತ ನೂಕ್ತೀಯ?" ಎಂದು ಅವನು ಕೇಳುತ್ತಿದ್ದ. ಅವಳ ಲೆಕ್ಕ ಬೇರೆ ಇತ್ತು. ಕೊಳವೆ ಹಾಕಲಿ, ತುರಿಕೆ ನಿಲ್ಲಲಿ, ಅವನು ಒಂದು ದಿನವಾದರೂ ನೆಮ್ಮದಿಯಾಗಿ ನಿದ್ದೆ ಮಾಡಲಿ. ಆಮೇಲೆ ನೋಡಿದರಾಯಿತು.

ಬೆಂಗಳೂರಿನವರೂ ಅದನ್ನೇ ಹೇಳಿದರು. ಮಂಪರು ಕೊಟ್ಟು ಬಾಯಿಂದ ಪೈಪು ಇಳಿಸಿ ಕೊಳವೆ ಕೂರಿಸಿದರು. ಮಾರನೆಯ ಬೆಳಿಗ್ಗೆ ಅಂಬರೀಶ ಎದ್ದು ಕೂತವನು ಮೊದಲು ಮಾಡಿದ ಕೆಲಸವೆಂದರೆ ಅವಳ ಮುಂದೆ ಅಂಗೈ ಚಾಚಿದ್ದು.

ಅವಳಿಗೆ ಅರ್ಥವಾಗಲಿಲ್ಲ. ನೀರು ಬೇಕಾ ಎಂದು ಕೇಳಿದಳು. ಅವನು ತಲೆಯಲ್ಲಾಡಿಸಿ, ಮುಷ್ಟಿಯನ್ನು ಹೊಟ್ಟೆಯ ಮೇಲಿಟ್ಟು, ಹೊರಗೆಳೆದಂತೆ ಮಾಡಿ, ಬೆರಳಲ್ಲಿ ಶೀಶೆಯ ಎತ್ತರ ತೋರಿಸಿ, ಮತ್ತೆ ಅಂಗೈ ಚಾಚಿದ. ಕಲ್ಲು ಕೊಡು.

ಬಿಸಾಡಿಬಿಟ್ಟರು, ಎಂದಳು ಅವಳು ಕೈಯಲ್ಲಿ.

ಅವನು ಒಪ್ಪಲಿಲ್ಲ. ದೂರದಲ್ಲಿ ಹೋಗುತ್ತಿದ್ದ ನರ್ಸಿನ ಕಡೆ ಕೈ ಮಾಡಿ ಕೇಳು ಎಂದ. ಅವಳು ಏಳಲಿಲ್ಲ. ಅವನು ಅವಳ ಮುಖ ನೋಡಿದ. ಬಟ್ಟೆಯ ಬೆಲೆ ಕಟ್ಟುವವನಂತೆ ಬಹಳ ಹೊತ್ತು ನೋಡಿದ. ಆಮೇಲೆ ಮಂಚದ ಕೆಳಗಿನ ಚೀಲದಿಂದ ತುಮಕೂರಿನ ಫಿಲ್ಮನ್ನು ಎಳೆದು ಕಿಟಕಿಯ ಬಿಸಿಲಿಗೆ ಹಿಡಿದ. ಬಿಳಿಯ ಗೆರೆಯ ಮೇಲೆ ಬೆರಳಿಟ್ಟು ಮೇಲಿಂದ ಇಳಿಸುತ್ತ ಬಂದು, ಅದು ನಿಂತಲ್ಲಿ ತಾನೂ ನಿಂತ. ಗೆರೆ ಮತ್ತೆ ಎಲ್ಲಿ ಶುರುವಾಗುತ್ತದೆಂದು ಹುಡುಕಿದ. ಬೆರಳನ್ನು ಅಲ್ಲೇ ಇಟ್ಟುಕೊಂಡು ಅವಳ ಕಡೆ ತಿರುಗಿದ.

ಇನ್ನು ಸುಳ್ಳು ಹೇಳುವ ಶಕ್ತಿ ಅವಳಲ್ಲಿರಲಿಲ್ಲ. ಹೇಳೋಣವೆಂದರೆ ಅದಕ್ಕೆ ಮಾತೇ ಇರಲಿಲ್ಲ. ಗಡ್ಡೆಗೆ, ಹಬ್ಬುವುದಕ್ಕೆ, ಹಂತ ದಾಟಿದ್ದಕ್ಕೆ ಅವರಿಬ್ಬರ ಕೈಮಾತಿನಲ್ಲಿ ಏನೂ ಇರಲಿಲ್ಲ. ಇದ್ದದ್ದು ಒಂದೇ. ಅವಳು ಅಂಗೈಯನ್ನು ಎತ್ತಿ, ಮೆಲ್ಲಗೆ ಮಗುಚಿದಳು.

ಅಂಬರೀಶ ತನ್ನ ಎದೆ ಮುಟ್ಟಿಕೊಂಡ. ನಾನಾ?

ಅವಳು ಹೌದೆಂದು ತಲೆಯಾಡಿಸಿದಳು.

ಯಾವಾಗ, ಎಂದು ಕ್ಯಾಲೆಂಡರಿನ ಹಾಳೆ ಮಗುಚಿದಂತೆ ಕೈ ಮಾಡಿದ. ಅವಳು ಎರಡು ಕೈಗಳನ್ನೂ ಬಿಚ್ಚಿ ತೋರಿಸಿದಳು. ಗೊತ್ತಿಲ್ಲ. ನೋವಾಗುತ್ತದಾ? ಗೊತ್ತಿಲ್ಲ. ಅವ್ವನಿಗೆ ಗೊತ್ತಾ? ಇಲ್ಲ. ಅವನು ಫಿಲ್ಮನ್ನು ಮಡಿಕೆ ಬೀಳದಂತೆ ಲಕೋಟೆಗೆ ಹಾಕಿದ. ಆಮೇಲೆ ಕೆನ್ನೆಯ ಮೇಲಿಂದ ಎರಡು ಬೆರಳು ಎಳೆದ. ಅವಳ ಹೆಸರನ್ನು ಕರೆದನೋ, ಅಳಬೇಡ ಎಂದನೋ, ಅವಳಿಗೆ ಇವತ್ತಿಗೂ ಬಗೆಹರಿದಿಲ್ಲ.

ಹದಿನೈದು ದಿನದಲ್ಲಿ ತುರಿಕೆ ನಿಂತಿತು. ಕಣ್ಣಿನ ಹಳದಿ ತಿಳಿಯಾಯಿತು. ಪೆದ್ದಮ್ಮ ಮಾರಮ್ಮನಿಗೆ ಹರಕೆ ತೀರಿಸಿದಳು. ಮಕ್ಕಳಿಬ್ಬರೂ ಅವಳನ್ನು ತಡೆಯಲಿಲ್ಲ. ಅಂಬರೀಶ ದಿನವೂ ಅಂಗಡಿಗೆ ಹೋಗಿ ಒಪ್ಪಿಕೊಂಡಿದ್ದ ಮದುವೆಯ ಬಟ್ಟೆಗಳನ್ನು ಹೊಲಿದು ಮುಗಿಸಿದ. ಹೊಸದಾಗಿ ಬಂದವರಿಗೆ ಬೀದಿಯಾಚೆಯ ಮಲ್ಲೇಶನ ಅಂಗಡಿ ತೋರಿಸಿ ಕಳಿಸಿದ. ಅವ್ವನಿಗೆ ವನಜಾಕ್ಷಿ ನಿಜ ಹೇಳಿದ್ದು ಮೇ ತಿಂಗಳಲ್ಲಿ, ಅವನಿಗೆ ಮೊದಲ ಸಲ ಚಳಿಜ್ವರ ಬಂದಾಗ.

"ಸೊಪ್ಪಿನ ರಸ ಬುಡಿಸ್ಬಾರ್ದಾಗಿತ್ತಾ?" ಎಂದು ಪೆದ್ದಮ್ಮ ಕೇಳಿದಳು.

"ಅದ್ರಿಂದಲ್ಲ ಕಣವ್ವ."

"ಮತ್ತೆ ಯಾತ್ರಿಂದ?"

"ಯಾತ್ರಿಂದ್ಲೂ ಅಲ್ಲ."

ಕೊಳವೆ ಮತ್ತೆ ಕಟ್ಟಿಕೊಂಡಿತು. ಬೆಂಗಳೂರಿನಲ್ಲಿ ಇನ್ನೊಂದು ಹಾಕಿದರು. ಅದು ಹೆಚ್ಚು ದಿನ ತಡೆಯಲಿಲ್ಲ. ಮೂರನೆಯ ಸಲ ಹೋದಾಗ ಮನೆಗೆ ಕರೆದುಕೊಂಡು ಹೋಗಿ, ನೋವಿಗೆ ಮಾತ್ರೆ ಕೊಡಿ ಎಂದರು.

ಆಷಾಢದಲ್ಲಿ ಅವನ ಕೈ ಸೋತವು. ಮೊದಮೊದಲು ಬೆರಳು ಮಾತ್ರ ಆಡಿಸುತ್ತಿದ್ದ, ಅವಳು ಅಷ್ಟರಲ್ಲೇ ಅರ್ಥ ಮಾಡಿಕೊಳ್ಳುತ್ತಿದ್ದಳು. ಆಮೇಲೆ ಬೆರಳೂ ಏಳದಾದವು. ಕೈ ಏಳದ ಮೇಲೆ ಅವನಿಗೆ ಮಾತಿರಲಿಲ್ಲ. ಅವಳು ಮಂಚದ ಪಕ್ಕ ಕೂತು ನೋಯುತ್ತಿದೆಯಾ ಎಂದು ಕೇಳುವಳು, ಅವನು ನೋಡುವನು. ಮಾತ್ರೆ ಕೊಡಲಾ ಎನ್ನುವಳು, ಅವನು ನೋಡುವನು. ಹೌದಾದರೆ ಕಣ್ಣು ಮುಚ್ಚು ಎಂದು ಹೇಳಿಕೊಟ್ಟಳು. ಮುಚ್ಚಿದಾಗ ಅದು ಹೌದೋ, ಆಯಾಸವೋ ತಿಳಿಯಲಿಲ್ಲ. ಮಾತ್ರೆ ಕೊಟ್ಟರೂ ತಪ್ಪೇನೋ, ಕೊಡದಿದ್ದರೂ ತಪ್ಪೇನೋ ಎಂದು ಒದ್ದಾಡಿದಳು. ಊರಿನವರ ನೋವನ್ನೆಲ್ಲ ರಿಜಿಸ್ಟರಿನಲ್ಲಿ ಬರೆದುಕೊಂಡು ಬರುವವಳಿಗೆ ಮೊಳದೂರದಲ್ಲಿ ಮಲಗಿದ್ದ ಅಣ್ಣನ ನೋವು ಎಷ್ಟೆಂದು ತಿಳಿಯುವ ದಾರಿ ಇರಲಿಲ್ಲ.

ಒಂದು ಬುಧವಾರ, ಬಿಸಿಲು ಏರಿದ ಹೊತ್ತು, ಅವಳು ಲಸಿಕೆಯ ದಿನವೆಂದು ಅಂಗನವಾಡಿಗೆ ಹೋಗಿದ್ದಳು. ಅಂಜನ್ ಕುಮಾರ್ ಬಂದು ಬಾಗಿಲಲ್ಲಿ ನಿಂತು ಅಂಗೈಯನ್ನು ಮೆಲ್ಲಗೆ ಮಗುಚಿದ. ಅವಳ ಕೈಯಲ್ಲಿ ಯಾರದೋ ಕೂಸಿತ್ತು. ಅದನ್ನು ತಾಯಿಗೆ ಕೊಟ್ಟು, ಕಾರ್ಡಿನಲ್ಲಿ ತಾರೀಖು ಬರೆದು, ಅವನ ಹಿಂದೆ ನಡೆದಳು.